ಹಡಗಿನ ಗೆಳೆಯರನ್ನು ಹಾವೇರಿಯ ಹೋರಿ ಹಬ್ಬಕ್ಕೆ ಕರೆದೊಯ್ಯುವಾಗ

ಬಂದರಿನಿಂದ ಬಂದರಿಗೆ ತಿರುಗಿದ ನಾವಿಕರಲ್ಲಿ ಕೆಲವರು ಸ್ಪೇನಿನ ಗೂಳಿ ಕಾಳಗ ನೋಡಿರುತ್ತಾರೆ. ಇನ್ನು ಕೆಲವರು ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಲ್ಲಿ, ಅದರಲ್ಲೂ ತೆರ್ಸೇರಾದಲ್ಲಿ, ಉದ್ದ ಹಗ್ಗ ಕಟ್ಟಿ ಬೀದಿಗೆ ಬಿಡುವ ಗೂಳಿಯನ್ನು ಕಂಡಿರುತ್ತಾರೆ. ಅಲ್ಲಿ ಹಗ್ಗವನ್ನು ಆಳುಗಳು ಹಿಡಿದಿರುತ್ತಾರೆ, ಗೂಳಿಯ ಓಡಾಟದ ಎಲ್ಲೆ ತಿಳಿಯಲೆಂದು ರಸ್ತೆಗೆ ಬಿಳಿ ಗೆರೆ ಎಳೆದಿರುತ್ತಾರೆ. ಗೆರೆಯಾಚೆ ನಿಂತವನಿಗೆ ಧೈರ್ಯ. ಹಾವೇರಿಯ ಹೋರಿ ಬೆದರಿಸುವ ಹಬ್ಬದಲ್ಲಿ ಆ ಗೆರೆಯೂ ಇಲ್ಲ, ಹಗ್ಗ ಹಿಡಿದವರೂ ಇಲ್ಲ. ಅತಿಥಿಗೆ ಮೊದಲು ಹೇಳಬೇಕಾದ ಮಾತು ಇದು.

ಆಟದ ನಿಯಮ ಸರಳ. ಹೋರಿಗಳನ್ನು ಒಂದೊಂದಾಗಿ ಅಖಾಡಕ್ಕೆ ಬಿಡುತ್ತಾರೆ. ಕೊರಳಿಗೆ, ಮೈಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು, ರಿಬ್ಬನ್ನು, ಬೆನ್ನಿಗೆ ಜೂಲ. ಎರಡೂ ಬದಿ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಗುರಿ ದಾಟಿದರೆ ಹೋರಿ ಗೆದ್ದಂತೆ. ಇಲ್ಲಿ ಕತ್ತಿಯಿಲ್ಲ, ಹೋರಿಯನ್ನು ಕೊಲ್ಲುವುದಿಲ್ಲ. ಮಗನಂತೆ ಸಾಕಿದ ಹೋರಿ ಅದು. ಸಂಜೆ ಮನೆಗೆ ಮರಳಿ ಹಿಂಡಿ, ಹುರುಳಿ ತಿನ್ನಬೇಕಾದದ್ದು.

ದೀಪಾವಳಿಯ ಬಲಿಪಾಡ್ಯಮಿಯಿಂದ ಹಬ್ಬ ಶುರು. ಆಮೇಲೆ ಊರೂರಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ದಿನಾಂಕವನ್ನು ಆ ಊರಿನವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ, ಪೊಲೀಸ್ ಅನುಮತಿ ಸಿಕ್ಕಿದೆಯೇ ಎಂದೂ ವಿಚಾರಿಸಿ. ಅನುಮತಿ ಸಿಗದೆ ಮುಂದಕ್ಕೆ ಹೋಗುವುದುಂಟು. ಕಾರವಾರದಿಂದ ಶಿರಸಿಯ ಮೇಲೆ ಬಂದು ಹೋಗುವುದರಲ್ಲೇ ಹೆಚ್ಚುಕಡಿಮೆ ಒಂದು ದಿನ ಕಳೆಯುತ್ತದೆ. ಹಡಗು ಮರುದಿನ ಬೆಳಿಗ್ಗೆ ಹೊರಡುವುದಿದ್ದರೆ ಈ ಪ್ರವಾಸ ಬೇಡ. ವಿದೇಶಿ ನಾವಿಕರಾದರೆ, ಬಂದರು ಬಿಟ್ಟು ಇಷ್ಟು ದೂರ ಬರಲು, ದಡಕ್ಕೆ ಇಳಿಯಲೆಂದು ಕೊಟ್ಟ ತಮ್ಮ ಪಾಸು ಸಾಕೇ ಎಂದು ಹಡಗಿನ ಏಜೆಂಟರನ್ನು ಮೊದಲೇ ಕೇಳಲಿ.

ಇನ್ನು ನಿಲ್ಲುವ ಜಾಗ. ಇದರಲ್ಲಿ ತಪ್ಪಿದರೆ ಉಳಿದ ಯಾವ ಎಚ್ಚರಿಕೆಯೂ ಕೆಲಸಕ್ಕೆ ಬರದು.

ಹೋರಿ ಬಿಡುವುದಕ್ಕೆ ಒಂದು ತಾಸು ಮೊದಲೇ ಹೋಗಿ, ಅಖಾಡದ ಪಕ್ಕ ನಿಂತ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಜಾಗ ಹಿಡಿಯಿರಿ. ಪಕ್ಕದ ಹಲಗೆಗಳು ಏರಿಸಿ ಭದ್ರವಾಗಿ ಕೊಂಡಿ ಹಾಕಿರಬೇಕು, ಗಾಲಿಗೆ ಕಲ್ಲು ಕೊಟ್ಟಿರಬೇಕು. ಅಂಚಿನಲ್ಲಿ ಕೂತು ಕಾಲು ಇಳಿಬಿಡಬಾರದು. ಹಳ್ಳಿಕಾರ, ಅಮೃತಮಹಲ್ ತಳಿಯ ಕೊಂಬು ಉದ್ದ, ತುದಿ ಚೂಪು. ಹೋರಿ ತಲೆ ಎತ್ತಿದರೆ ನೇತಾಡುವ ಕಾಲಿಗೆ ಸುಲಭವಾಗಿ ಎಟಕುತ್ತದೆ. ಮಣ್ಣಿನ ಮಾಳಿಗೆ ಮನೆಗಳ ಮೇಲೆ ಮಾತ್ರ ಹತ್ತಬೇಡಿ. ದೀಪಾವಳಿಯ ಹೊತ್ತಿಗೆ ಮಳೆಗಾಲದ ಹಸಿ ಇನ್ನೂ ಆರಿರುವುದಿಲ್ಲ, ಮೂವತ್ತು ಜನ ಒಂದೇ ಬದಿಗೆ ನುಗ್ಗಿದರೆ ತೊಲೆ ತಡೆಯದು. ಆರ್‌ಸಿಸಿ ಮನೆಯಾದರೂ ಸುತ್ತ ಗೋಡೆ ಇರಬೇಕು.

ಕಟ್ಟಿಗೆಯ ಬೇಲಿಗೆ ಒರಗಿ ನಿಲ್ಲುವುದು ಕೆಟ್ಟ ಜಾಗ. ಅದಕ್ಕಿಂತ ಕೆಟ್ಟದ್ದು ಗುರಿಯ ಆಚೆಯ ಬಯಲು. ಓಟ ಮುಗಿಯಿತೆಂದು ಅಲ್ಲಿ ಜನ ಮೈಮರೆತು ನಿಂತಿರುತ್ತಾರೆ. ಹೋರಿಗೆ ಗುರಿ ಗೊತ್ತಿಲ್ಲ. ಬೆದರಿದ ಪ್ರಾಣಿ ಒಡೆಯ ಬಂದು ಹಿಡಿಯುವವರೆಗೆ ಓಡುತ್ತಲೇ ಇರುತ್ತದೆ, ಓಣಿಗೂ ನುಗ್ಗುತ್ತದೆ. ಗಾಡಿಯನ್ನೂ ಆ ದಿಕ್ಕಿಗೆ ನಿಲ್ಲಿಸಬೇಡಿ.

ಒಂದು ಹೋರಿ ಹೋಗಿ ಇನ್ನೊಂದು ಬರುವ ನಡುವೆ ಜನ ಅಖಾಡಕ್ಕೆ ಇಳಿಯುತ್ತಾರೆ. ಫೋಟೋ ತೆಗೆಯಲು ಅತಿಥಿಯೂ ಇಳಿಯಲು ನೋಡುತ್ತಾರೆ, ಬಿಡಬೇಡಿ. ಮೈಕಿನಲ್ಲಿ ಮುಂದಿನ ಹೋರಿಯ ಹೆಸರು ಕೂಗುವುದು ಕನ್ನಡದಲ್ಲಿ. ಗದ್ದಲದಲ್ಲಿ ಅವರಿಗೆ ಅದು ಎಚ್ಚರಿಕೆ ಎಂದೇ ತಿಳಿಯದು. ಕೆಂಪು ಅಂಗಿ ತೊಡಬಾರದೆಂಬ ಮಾತಿಗೆ ಹುರುಳಿಲ್ಲ, ದನಗಳಿಗೆ ಕೆಂಪು ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ. ಅವುಗಳನ್ನು ಕೆಣಕುವುದು ಚಲನೆ. ಟವೆಲ್ ಬೀಸುವುದು, ಛತ್ರಿ ಬಿಚ್ಚುವುದು ಬೇಡ. ಅಕಸ್ಮಾತ್ ಹೋರಿ ಎದುರಾದರೆ ಅದು ಓಡುವ ನೇರದಿಂದ ಪಕ್ಕಕ್ಕೆ ಸರಿಯಬೇಕು. ಮುಂದೆ ಮುಂದೆ ಓಡಿದವನನ್ನು ಅದು ಹಿಂದಿಕ್ಕಿಯೇ ತೀರುತ್ತದೆ.

ಕೊಂಬು ತಿವಿದ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಕುಡಿಯಲು ನೀರು ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆಯಾದ ಸ್ವಚ್ಛ ಬಟ್ಟೆ ಮುಚ್ಚಿ. ಅರಿಶಿನ, ಕಾಫಿಪುಡಿ ತುಂಬುವುದು ಬೇಡವೇ ಬೇಡ. ಸಣ್ಣ ಗೀರಾದರೂ ಧನುರ್ವಾಯುವಿನ ಚುಚ್ಚುಮದ್ದು ಬಿಡುವಂತಿಲ್ಲ.

ಹೋರಿಗೆ ಹೆಂಡ ಕುಡಿಸುವುದು, ಕಣ್ಣಿಗೆ ಖಾರ ಹಾಕುವುದು, ಬಾಲ ತಿರುಚುವುದು ಕಂಡರೆ ಅಲ್ಲಿರುವ ಪೊಲೀಸರಿಗೆ ಹೇಳಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ್ದು ಹಿಂಸೆಯ ಕಾರಣಕ್ಕೇ. 2023ರ ಮೇ ತಿಂಗಳಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಇಂಥ ಆಟಗಳಿಗೆ ಮತ್ತೆ ಅವಕಾಶ ಕೊಡಲು ಮಾಡಿದ ತಿದ್ದುಪಡಿ ಕಾನೂನುಗಳನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಹಬ್ಬ ಉಳಿಯಬೇಕೆನ್ನುವವರು ಇಂಥದ್ದನ್ನು ಕಂಡೂ ಸುಮ್ಮನಿರಬಾರದು.

ಊಟಕ್ಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ತಲಾ ಎರಡು ಲೀಟರ್ ನೀರು ಇರಲಿ. ಗಿರಮಿಟ್ಟು, ಮಿರ್ಚಿ ಅಲ್ಲೇ ಸಿಗುತ್ತದೆ, ಆದರೆ ಅದನ್ನು ತರಲೆಂದು ನಡುವೆ ಟ್ರೇಲರ್ ಇಳಿಯಬೇಡಿ. ಕೊನೆಯ ಹೋರಿ ಓಡಿದ ಮೇಲೂ ಅರ್ಧ ತಾಸು ಕೂತೇ ಇರಿ. ಆ ಹೊತ್ತಿನಲ್ಲಿ ಹೋರಿಗಳನ್ನು ಮನೆಗೆ ಹೊಡೆದುಕೊಂಡು ಹೋಗುವುದು ನೀವು ಹೋಗಬೇಕಾದ ದಾರಿಯಲ್ಲೇ.