ದೆವ್ವಕ್ಕೂ ಒಂದು ಕಟ್ಟಳೆ ಇರಬೇಕು: ವೈಜ್ಞಾನಿಕ ಹಾಗೂ ಅತಿಮಾನುಷ ಧಾರಾವಾಹಿಗಳನ್ನು ಆಯ್ದು ನೋಡುವ ಬಗೆ

ಕಲಬುರಗಿಯ ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಯಾಗದೆ ಮನೆಯೊಳಗೆ ನೆಮ್ಮದಿಯಿಂದ ಕುಳಿತುಕೊಳ್ಳಲು ಆಗುವುದಿಲ್ಲ. ಆ ಹೊತ್ತಿಗೆ ಊಟ ಮುಗಿಸಿ ನಾನೂ ಅವ್ವನೂ ಒಂದೊಂದು ಕಂತು ನೋಡುವುದು ಹಲವು ವರ್ಷಗಳ ರೂಢಿ. ಈ ಬಗೆಯ ಧಾರಾವಾಹಿಗಳನ್ನು ಯಾವುದರಿಂದ ಆರಂಭಿಸಬೇಕು, ಹೇಗೆ ನೋಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಪರಿಚಯದವರು ಕೇಳುತ್ತಲೇ ಇರುವುದರಿಂದ, ನಮಗೆ ಒಗ್ಗಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಆಯ್ಕೆ ಮಾಡುವಾಗ ಗ್ರಾಫಿಕ್ಸ್ ನೋಡಿ ಮರುಳಾಗಬಾರದು. ಕಥೆಯೊಳಗಿನ ಅಸಂಭವಕ್ಕೆ ಒಂದು ಕಟ್ಟಳೆ ಇದೆಯೇ, ಕಥೆಗಾರರು ತಾವು ಹಾಕಿಕೊಂಡ ಕಟ್ಟಳೆಗೆ ತಾವೇ ಬದ್ಧರಾಗಿದ್ದಾರೆಯೇ ಎಂಬುದನ್ನು ನೋಡಬೇಕು. ಯಾವ ದೆವ್ವ ತೆರೆಯ ಮೇಲೆ ಬಂದರೂ ಅವ್ವ ಕೇಳುವುದು ಎರಡೇ ಪ್ರಶ್ನೆ: "ಅದಕ್ಕ ಏನ್ ಬೇಕಾಗ್ಯಾದ? ಅದು ಯಾತಕ್ಕ ಅಂಜ್ತದ?" ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ. 1993ರಲ್ಲಿ ಆರಂಭವಾದ 'ದಿ ಎಕ್ಸ್-ಫೈಲ್ಸ್'ನ ಮೂರನೆಯ ಕಂತಿನಲ್ಲಿ ಬರುವ ಕೊಲೆಗಾರ ಮೂವತ್ತು ವರ್ಷಕ್ಕೊಮ್ಮೆ ಎಚ್ಚರಗೊಂಡು, ಐದು ಮನುಷ್ಯರ ಯಕೃತ್ತು ತಿಂದು, ಹರಿದ ಕಾಗದಗಳ ಗೂಡಿನಲ್ಲಿ ಮತ್ತೆ ಮಲಗುತ್ತಾನೆ. ಲೆಕ್ಕ ಗೊತ್ತಾದ ಕ್ಷಣದಿಂದ ನೋಡುವವರೂ ಎಣಿಸತೊಡಗುತ್ತಾರೆ. ಹೆದರಿಕೆ ಹುಟ್ಟುವುದು ಆ ಎಣಿಕೆಯಿಂದ. ಕಟ್ಟಳೆಯಿಲ್ಲದ ಮಾಯಾವಿ ಈ ವಾರ ಗೋಡೆ ದಾಟಿ, ಮುಂದಿನ ವಾರ ಬೀಗ ಹಾಕಿದ ಬಾಗಿಲ ಮುಂದೆ ನಿಂತರೆ ಯಾರಿಗೂ ಭಯವಾಗುವುದಿಲ್ಲ.

ಹೊಸಬರು ಬಿಡಿ ಕಥೆಗಳಿಂದ ಆರಂಭಿಸುವುದು ಲೇಸು. 1959ರಿಂದ 1964ರವರೆಗೆ ಬಂದ 'ದಿ ಟ್ವೈಲೈಟ್ ಝೋನ್'ನ 156 ಕಂತುಗಳಲ್ಲಿ ಒಂದಕ್ಕೊಂದು ಕಥೆಯ ನಂಟಿಲ್ಲ, ಎಲ್ಲಿಂದಾದರೂ ಹಿಡಿಯಬಹುದು. ಆನಂತರ 'ದಿ ಎಕ್ಸ್-ಫೈಲ್ಸ್'ಗೆ ಬಂದಾಗಲೂ ಮೊದಲು ಅದರ ಬಿಡಿ ಕಂತುಗಳನ್ನೇ ನೋಡಬೇಕು. ಅನ್ಯಗ್ರಹದವರ ಸಂಚಿನ ಉದ್ದನೆಯ ಕಥೆ ವರ್ಷಗಳು ಕಳೆದಂತೆ ತನ್ನ ಎಳೆಯನ್ನೇ ಕಳೆದುಕೊಂಡಿತೆಂಬುದು ನನ್ನ ಖಚಿತ ಅಭಿಪ್ರಾಯ.

ಕಂತುಗಳ ಕ್ರಮವನ್ನೂ ಪರೀಕ್ಷಿಸಿಕೊಳ್ಳಬೇಕು. 2002ರ 'ಫೈರ್‌ಫ್ಲೈ'ಯ ಮೊದಲ ಕಂತನ್ನು ವಾಹಿನಿಯು ತೀರ ತಡವಾಗಿ ಡಿಸೆಂಬರಿನಲ್ಲಿ ಪ್ರಸಾರ ಮಾಡಿತು. ಅಷ್ಟರಲ್ಲಿ ನೋಡುಗರು ಪಾತ್ರಗಳ ಪರಿಚಯವಿಲ್ಲದೆಯೇ ನಡುವಿನ ಕಥೆಗಳನ್ನು ನೋಡಿಯಾಗಿತ್ತು. ಒಟ್ಟು 14 ಕಂತುಗಳಿಗೇ ನಿಂತುಹೋದ ಆ ಧಾರಾವಾಹಿಯ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಮೂರು ಸೀಸನ್‌ಗಳ, 26 ಕಂತುಗಳ ಜರ್ಮನ್ ಧಾರಾವಾಹಿ 'ಡಾರ್ಕ್' ನೋಡುವವರು ಕೈಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಲೇಬೇಕು. ನಾಲ್ಕು ಮನೆತನಗಳು, 33 ವರ್ಷಗಳ ಅಂತರದಲ್ಲಿ 2019, 1986, 1953 ಎಂಬ ಕಾಲಗಳು, ಒಬ್ಬನೇ ಮನುಷ್ಯನಿಗೆ ಬೇರೆ ಬೇರೆ ವಯಸ್ಸಿನ ನಟರು. ಇದನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳುತ್ತೇನೆಂದು ಹೊರಟರೆ ಐದನೆಯ ಕಂತಿನ ಹೊತ್ತಿಗೆ ದಾರಿ ತಪ್ಪುತ್ತದೆ. ನಾವು ಒಂದು ಮನೆತನಕ್ಕೆ ಒಂದು ಪುಟ ಬಿಟ್ಟು, ಹೆಸರಿನ ಕೆಳಗೆ ಇಸವಿಗಳನ್ನು ಬರೆದು, ಸಂಬಂಧ ತಿಳಿದಾಗ ಗೆರೆ ಎಳೆಯುತ್ತಿದ್ದೆವು. ಮದುವೆ ಮನೆಗಳಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಕ್ಷಣದಲ್ಲಿ ಹೇಳಬಲ್ಲ ಅವ್ವನಿಗೆ ಈ ಕೆಲಸ ನನಗಿಂತ ಬೇಗ ಕೈಗೂಡಿತು. ದಿನಕ್ಕೆ ಒಂದೇ ಕಂತು ಸಾಕು. ಧ್ವನಿ ಜರ್ಮನ್ ಭಾಷೆಯದೇ ಇರಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಡಬ್ ಮಾಡಿದ ಮಾತಿನಲ್ಲಿ ಪಿಸುಮಾತು, ಉಸಿರು, ನಿಟ್ಟುಸಿರುಗಳೆಲ್ಲ ಮಾಯವಾಗುತ್ತವೆ. ಇಂಗ್ಲಿಷ್ ಓದಲು ಬಾರದವರು ಜೊತೆಗಿದ್ದರೆ ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೇಳಬೇಕು. ಹಾಗೆ ಹೇಳುವಾಗ ನಮಗೇ ಅರ್ಥವಾಗದ್ದು ಯಾವುದೆಂದು ಬೆಳಕಿಗೆ ಬರುತ್ತದೆ.

ವೈಜ್ಞಾನಿಕ ಕಥೆ ಹಿರಿಯರಿಗೆ ಹಿಡಿಸದು ಎಂದು ಅವರನ್ನು ಹೊರಗಿಡಬೇಡಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ನಾಸಾದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳ ಟಿವಿಗಳಿಗೆ ಕಾರ್ಯಕ್ರಮ ಬಂದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗವೂ ಇತ್ತು. ಆಗ ಶಾಲೆಯ ಹುಡುಗಿಯಾಗಿದ್ದ ಅವ್ವ, ತಂತಿಜಾಲರಿಯ ದೊಡ್ಡ ಆಂಟೆನಾದ ಕೆಳಗೆ ಊರಿನವರೊಂದಿಗೆ ಕುಳಿತು ಮೊದಲ ಬಾರಿ ಟಿವಿ ನೋಡಿದವಳು. ಆಕಾಶದಿಂದ ಚಿತ್ರ ಇಳಿದದ್ದನ್ನು ಕಣ್ಣಾರೆ ಕಂಡವರಿಗೆ ವ್ಯೋಮನೌಕೆಯ ಕಥೆ ಪರಕೀಯವೆನಿಸುವುದಿಲ್ಲ.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ 2005ರಿಂದ 2020ರವರೆಗೆ 15 ಸೀಸನ್, 327 ಕಂತು ನಡೆದ 'ಸೂಪರ್‌ನ್ಯಾಚುರಲ್' ತಕ್ಕ ಉದಾಹರಣೆ. ಅದರಲ್ಲಿ ದೆವ್ವ ಉಪ್ಪಿನ ಗೆರೆಯನ್ನು ದಾಟಲಾರದು, ಕಬ್ಬಿಣಕ್ಕೆ ಅಂಜುತ್ತದೆ, ಸತ್ತವರ ಎಲುಬಿಗೆ ಉಪ್ಪು ಸುರಿದು ಸುಟ್ಟರೆ ಬಿಟ್ಟುಹೋಗುತ್ತದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವ ಅವ್ವನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಇದನ್ನು ಸೃಷ್ಟಿಸಿದ ಎರಿಕ್ ಕ್ರಿಪ್ಕೆ ಮೊದಲು ಯೋಚಿಸಿದ್ದು ಐದು ಸೀಸನ್‌ಗಳ ಕಥೆಯನ್ನು. ದೆವ್ವಗಳನ್ನು ಬೇಟೆಯಾಡುವ ಅಣ್ಣ ತಮ್ಮಂದಿರ ಆ ಕಥೆ ಐದನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ ಪೂರ್ಣವಾಗುತ್ತದೆ. ಮೊದಲ ಸಲ ನೋಡುವವರು ಅಲ್ಲಿಗೆ ನಿಲ್ಲಿಸಿ, ಕೆಲವು ತಿಂಗಳ ನಂತರವೂ ಆ ಇಬ್ಬರ ನೆನಪು ಕಾಡಿದರೆ ಆರನೆಯ ಸೀಸನ್ ತೆರೆಯಿರಿ.