ಭಾನುವಾರದ ಎರಡು ಗಂಟೆ

ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಯ ಪ್ರಧಾನ ದಂಡಾಧಿಕಾರಿಯಾಗಿ ನಾನು ಕುಳಿತ ಮೊದಲ ದಿನ, ದಲಾಯತರು ಹಳೆಯ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ‘ಒಂದನೇ ಆರೋಪಿ ಹಾಜರ್’ ಎಂದು ಕೂಗಿದರು. ಒಳಗೆ ಬಂದ ಹುಡುಗ ಕಟಕಟೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿ, ಸಿಗದೆ, ಗೋಡೆಗೆ ಒರಗಿ ಕೈಕಟ್ಟಿ ನಿಂತ. ಹದಿನೈದು ವರ್ಷ. ಬಸ್ ನಿಲ್ದಾಣದಲ್ಲಿ ಮೊಬೈಲ್ ಎತ್ತಿದ್ದ ಪ್ರಕರಣ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ‘ಆರೋಪಿ’ ಎಂಬ ಮಾತೇ ಅಲ್ಲಿ ಸಲ್ಲದು. 2016ರ ಮಾದರಿ ನಿಯಮಗಳಂತೆ ಎತ್ತರದ ವೇದಿಕೆಯೂ ಇರಬಾರದು, ಕಟಕಟೆಯೂ ಇರಬಾರದು. ಮಂಡಳಿ ನ್ಯಾಯಾಲಯದ ಆವರಣದಲ್ಲಿ ಕೂರದೆ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲೋ ಅದರ ಹತ್ತಿರವೋ ಕೂರಬೇಕು. ನಮ್ಮ ಕೋಣೆಯಲ್ಲಿ ಯಾವ ಕಾಲದ್ದೋ ಒಂದು ಮರದ ವೇದಿಕೆ ಉಳಿದುಕೊಂಡಿತ್ತು. ಅದು ದಾಸ್ತಾನು ಪುಸ್ತಕದಲ್ಲಿ ನಮೂದಾಗಿದ್ದ ಸ್ವತ್ತಾದ್ದರಿಂದ ಹೊರಗೆ ಸಾಗಿಸಲು ಎರಡು ವಾರ ಪತ್ರ ಬರೆಯಬೇಕಾಯಿತು. ‘ಆರೋಪಿ’ಯನ್ನು ನಮ್ಮ ಬಾಯಿಂದ ಸಾಗಿಸಲು ಇನ್ನೂ ಹೆಚ್ಚು ದಿನ ಹಿಡಿಯಿತು. ನಾನೇ ಎರಡು ಸಲ ತಪ್ಪಿದ್ದೇನೆ.

ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಒಬ್ಬರೇ ಇರುವುದಿಲ್ಲ. ಇಬ್ಬರು ಸಾಮಾಜಿಕ ಕಾರ್ಯಕರ್ತರು ಸದಸ್ಯರಾಗಿರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. ಅಭಿಪ್ರಾಯ ಭಿನ್ನವಾದರೆ ಬಹುಮತದ್ದೇ ತೀರ್ಮಾನ. ಹತ್ತು ವರ್ಷ ಒಬ್ಬಳೇ ಕುಳಿತು ತೀರ್ಪು ಬರೆದಿದ್ದ ನನಗೆ ಇದು ಸ್ವಲ್ಪ ಇರುಸುಮುರುಸಾಗಿತ್ತು. ನಮ್ಮ ಸದಸ್ಯರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಬಾಲಕಾರ್ಮಿಕರ ನಡುವೆ ಬಹಳ ಕಾಲ ದುಡಿದವರು. ಒಮ್ಮೆ ಒಬ್ಬ ಹುಡುಗನನ್ನು, ತಪ್ಪು ಮಾಡಿದ್ದಾರೆಂದು ತೀರ್ಮಾನವಾದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳುಹಿಸಬೇಕೆಂದು ನಾನು, ಬೇಡವೆಂದು ಅವರಿಬ್ಬರು. ಸೋತೆ. ಅವರು ಹೇಳಿದ್ದೇ ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು.

ಕಾಯ್ದೆಯ 18ನೇ ಕಲಮಿನಲ್ಲಿ ಮಂಡಳಿ ಮಾಡಬಹುದಾದ ಆದೇಶಗಳಿವೆ: ಬುದ್ಧಿಮಾತು ಹೇಳಿ ಮನೆಗೆ ಕಳುಹಿಸುವುದರಿಂದ ಹಿಡಿದು ಗರಿಷ್ಠ ಮೂರು ವರ್ಷ ವಿಶೇಷ ಗೃಹದವರೆಗೆ. ನಡುವೆ ಸಮುದಾಯ ಸೇವೆಯೂ ಇದೆ. ಹದಿನಾಲ್ಕು ದಾಟಿದವರಿಗೆ ಮಾತ್ರ. ಉದ್ಯಾನ ನೋಡಿಕೊಳ್ಳುವುದು, ವೃದ್ಧರ ಆರೈಕೆ, ಆಸ್ಪತ್ರೆಯಲ್ಲಿ ನೆರವು, ಸಂಚಾರ ಸ್ವಯಂಸೇವೆ ಎಂದು ನಿಯಮ ಉದಾಹರಣೆಗಳನ್ನೂ ಕೊಡುತ್ತದೆ. ಓದುವಾಗ ಎಷ್ಟು ಸಲೀಸು!

ನನ್ನ ಮೊದಲ ಸಮುದಾಯ ಸೇವೆಯ ಆದೇಶ ಮೂರೇ ಸಾಲಿನದು. ಒಂದು ಸರ್ಕಾರಿ ಕಚೇರಿಯಲ್ಲಿ ಹದಿನೈದು ದಿನ ಸ್ವಚ್ಛತಾ ಕೆಲಸ. ಸಹಿ ಹಾಕಿ ಮುಂದಿನ ಕಡತಕ್ಕೆ ಹೋದೆ. ಐದನೇ ದಿನ ಹುಡುಗನ ತಾಯಿ ಬಂದು ಬಾಗಿಲಲ್ಲಿ ನಿಂತರು. ‘ಮೇಡಂ, ಬೇಕಾದರೆ ಒಳಗೇ ಹಾಕಿ. ಅಲ್ಲಿಗೆ ಮಾತ್ರ ಕಳುಹಿಸಬೇಡಿ’ ಎಂದರು. ಮರುದಿನ ಸಾದಾ ಸೀರೆಯುಟ್ಟು, ಯಾವುದೋ ಅರ್ಜಿ ಕೊಡಲು ಬಂದವಳ ಹಾಗೆ ಆ ಕಚೇರಿಯ ಬೆಂಚಿನ ಮೇಲೆ ಕುಳಿತೆ. ಹುಡುಗ ಪೊರಕೆ ಹಿಡಿದು ಮೇಜಿನ ಹತ್ತಿರ ಬರುತ್ತಿದ್ದಂತೆ ಒಬ್ಬರು ತಮ್ಮ ಬ್ಯಾಗನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಇನ್ನೊಬ್ಬರು ನಕ್ಕರು. ಹುಡುಗ ತಲೆ ಎತ್ತಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದ.

ಮಗುವಿನ ಗುರುತು ಬಯಲು ಮಾಡಬಾರದೆಂದು ಅದೇ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಪತ್ರಿಕೆಯವರಿಗೆ ಅದನ್ನು ನೆನಪಿಸುತ್ತಿದ್ದವಳು ನಾನೇ. ಈಗ ನನ್ನದೇ ಆದೇಶದಿಂದ ಇಡೀ ಕಚೇರಿಗೆ ಅವನ ವಿಷಯ ಗೊತ್ತಾಗಿತ್ತು. ಆದೇಶವನ್ನು ಅಂದೇ ಬದಲಿಸಿದೆವು.

ಆಮೇಲೆ ನಾನು ಮತ್ತು ಶಿಕ್ಷಕಿ ಸದಸ್ಯರು ರಜೆಯ ದಿನಗಳಲ್ಲಿ ಊರು ಸುತ್ತಿ ಜಾಗ ನೋಡಲು ಶುರು ಮಾಡಿದೆವು. ಹೋದ ಕಡೆಯಲ್ಲೆಲ್ಲ ನಾವು ನೋಡುತ್ತಿದ್ದುದು ಕೆಲಸವನ್ನಲ್ಲ, ಹುಡುಗನನ್ನು ವಹಿಸಿಕೊಳ್ಳುವ ಮನುಷ್ಯರನ್ನು. ‘ಕಳುಹಿಸಿ ಮೇಡಂ, ಸರಿಯಾಗಿ ಬುದ್ಧಿ ಕಲಿಸುತ್ತೇನೆ’ ಎಂದವರ ಹೆಸರನ್ನು ಅಲ್ಲೇ ಮನಸ್ಸಿನಲ್ಲಿ ಹೊಡೆದುಹಾಕುತ್ತಿದ್ದೆ. ‘ಅವನಿಗೆ ಊಟ ಕೊಡಬಹುದೇ?’ ಎಂದು ಕೇಳಿದವರು ಇಬ್ಬರು: ಒಂದು ವೃದ್ಧಾಶ್ರಮದ ಮೇಲ್ವಿಚಾರಕಿ, ಒಬ್ಬ ಗ್ರಂಥಪಾಲಕರು. ನಾವು ಮಾಡಿಕೊಂಡ ಕಟ್ಟುಪಾಡು ಇಷ್ಟು: ಹುಡುಗ ಯಾಕೆ ಬಂದಿದ್ದಾನೆಂಬುದು ಒಂದು ಕಡೆ ಒಬ್ಬರಿಗೆ ಮಾತ್ರ ಗೊತ್ತಿರಬೇಕು, ಹಾಜರಿ ಪುಸ್ತಕದಲ್ಲಿ ‘ಸ್ವಯಂಸೇವಕ’ ಎಂದಷ್ಟೇ ಬರೆಯಬೇಕು, ಶಾಲೆ ಇದ್ದವರಿಗೆ ಭಾನುವಾರ ಎರಡೇ ಗಂಟೆ, ಪರೀಕ್ಷೆ ಬಂದರೆ ರಜೆ. ಇಂಥ ಮಕ್ಕಳ ಮೇಲೆ ಕಣ್ಣಿಡುವ ಪರಿವೀಕ್ಷಣಾಧಿಕಾರಿ ತಿಂಗಳಿಗೊಮ್ಮೆ ಹೋಗುತ್ತಿದ್ದರು. ಅವರ ಕೈಯಲ್ಲಿ ಇಡೀ ಜಿಲ್ಲೆಯೇ ಇರುವಾಗ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಉಳಿದ ಭಾನುವಾರಗಳಲ್ಲಿ ನಮ್ಮಲ್ಲಿ ಯಾರಾದರೊಬ್ಬರು ಇಣುಕುತ್ತಿದ್ದೆವು. ಮನೆಯವರ ಗೊಣಗಾಟವನ್ನು ಇಲ್ಲಿ ಬರೆಯುವುದಿಲ್ಲ.

ವೃದ್ಧಾಶ್ರಮಕ್ಕೆ ಹೋದವರಲ್ಲಿ ಒಬ್ಬನನ್ನು ಹೇಳಬೇಕು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಬೈಕ್ ಕದ್ದು ಪೆಟ್ರೋಲ್ ಮುಗಿಯುವವರೆಗೆ ಓಡಿಸಿ, ಮುಗಿದಲ್ಲೇ ಬಿಟ್ಟು ನಡೆದವನು. ಮೊದಲ ಎರಡು ವಾರ ಅವನು ಅಂಗಳದ ಗಿಡಗಳಿಗೆ ನೀರು ಹಾಕುವುದು ಬಿಟ್ಟರೆ ಯಾರೊಡನೆಯೂ ಮಾತನಾಡಲಿಲ್ಲ. ಮೂರನೇ ವಾರ ನಾನು ಹೋದಾಗ ಜಗಲಿಯಲ್ಲಿ ಒಬ್ಬ ಅಜ್ಜನ ಪಾದ ತನ್ನ ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. ಅಜ್ಜನ ಕಾಲುಗುರು ಕೊಂಬಿನ ಹಾಗೆ ದಪ್ಪವಾಗಿ ಬಾಗಿತ್ತು, ನೇಲ್ ಕಟರ್ ಹಿಡಿಯುತ್ತಿರಲಿಲ್ಲ. ಪಕ್ಕದಲ್ಲಿ ಬಕೆಟ್ಟಿನಲ್ಲಿ ಬಿಸಿನೀರು. ಮೊದಲು ಕಾಲು ನೆನೆಸಿ, ಉಗುರು ಮೆತ್ತಗಾದ ಮೇಲೆ ಅಂಚಿನಿಂದ ಚೂರುಚೂರೇ ಕತ್ತರಿಸುತ್ತಿದ್ದ. ‘ಯಾರು ಹೇಳಿಕೊಟ್ಟರೋ?’ ಎಂದೆ. ‘ದನದ ಗೊರಸು ಕೆತ್ತುವುದನ್ನು ನೋಡಿದ್ದೇನೆ ಮೇಡಂ’ ಎಂದ. ಅಜ್ಜ ನಕ್ಕು, ‘ನನ್ನನ್ನು ಎತ್ತು ಮಾಡಿದೆಯಲ್ಲೋ’ ಎಂದು ಅವನ ತಲೆಗೆ ಮೆಲ್ಲಗೆ ಮೊಟಕಿದರು. ಅಲ್ಲಿಂದಾಚೆಗೆ ಭಾನುವಾರ ಉಗುರಿಗೆ ಸರದಿ ಹಚ್ಚುತ್ತಿದ್ದರಂತೆ.

ಎಲ್ಲರದೂ ಹೀಗಾಗಲಿಲ್ಲ. ಗ್ರಂಥಾಲಯಕ್ಕೆ ಹಾಕಿದ ಒಬ್ಬ ಮೂರನೇ ವಾರದಿಂದ ನಾಪತ್ತೆ. ಎರಡು ತಿಂಗಳ ನಂತರ ಪಕ್ಕದ ಜಿಲ್ಲೆಯಲ್ಲಿ ಇನ್ನೊಂದು ಪ್ರಕರಣದಲ್ಲಿ ಸಿಕ್ಕ. ಅವನ ಮನೆ, ಓದು, ಹಿನ್ನೆಲೆಯನ್ನು ಹೇಳುವ ಸಾಮಾಜಿಕ ತನಿಖಾ ವರದಿಯನ್ನು ಮತ್ತೆ ತೆರೆದು ನೋಡಿದೆ. ಶಾಲೆ ಬಿಟ್ಟದ್ದು ಐದನೇ ತರಗತಿಗೆ, ಓದಲು ಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಓದಲು ಬಾರದವನನ್ನು ಪುಸ್ತಕಗಳ ನಡುವೆ ಕೂರಿಸಿದ್ದೆ. ವರದಿ ಬರೆದವರದೇನೂ ತಪ್ಪಿರಲಿಲ್ಲ.

2024ರ ಮೇ ತಿಂಗಳಲ್ಲಿ ಪುಣೆಯ ಕಾರು ಅಪಘಾತದಲ್ಲಿ ಇಬ್ಬರು ಸತ್ತು, ಕಾರು ಓಡಿಸಿದನೆನ್ನಲಾದ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಾಗ ದೇಶವೆಲ್ಲ ರೇಗಿತು. ಪರಿಚಯದವರೆಲ್ಲ ನನಗೆ ಕರೆ ಮಾಡಿ, ‘ನೀವೂ ಪ್ರಬಂಧ ಬರೆಸುತ್ತಿದ್ದಿರಾ?’ ಎಂದು ಕೇಳಿದರು. ಅದು ಜಾಮೀನಿನ ಷರತ್ತು; ನಾನು ಹೇಳುತ್ತಿರುವುದು ವಿಚಾರಣೆ ಮುಗಿದು, ತಪ್ಪು ಮಾಡಿದ್ದಾನೆಂದು ತೀರ್ಮಾನವಾದ ಮೇಲಿನ ಆದೇಶ. ಎರಡಕ್ಕೂ ಅಜಗಜಾಂತರ. ಆದರೆ ರೇಗಿದವರನ್ನು ನಾನು ದೂರುವುದಿಲ್ಲ. ಸತ್ತವರ ಮನೆಯ ಎದುರು ಪ್ರಬಂಧದ ಮಾತು ಆಡಲಾಗದು. ಸಮುದಾಯ ಸೇವೆಯನ್ನು ನಾವು ಬಳಸಿದ್ದು ಸಣ್ಣಪುಟ್ಟ ಅಪರಾಧಗಳಿಗೆ, ಅದೂ ವಸ್ತು ಕಳೆದುಕೊಂಡವರ ಮಾತು ಕೇಳಿದ ಮೇಲೆ. ಬೈಕಿನ ಮಾಲೀಕರು ಮೊದಲು ‘ನಾಲ್ಕು ಬಾರಿಸಿ ಬಿಡಿ’ ಎಂದಿದ್ದರು. ಅದು ಮಾತ್ರ 18ನೇ ಕಲಮಿನಲ್ಲಿಲ್ಲ ಎಂದೆ.

ವರ್ಗಾವಣೆಯಾಗಿ ನಾನು ಆ ಊರು ಬಿಟ್ಟು ಮೂರು ತಿಂಗಳಾಗಿರಬಹುದು, ವೃದ್ಧಾಶ್ರಮದ ಮೇಲ್ವಿಚಾರಕಿ ಕರೆ ಮಾಡಿದರು. ಅಜ್ಜಂದಿರು ಉಗುರು ಬೆಳೆಸಿಕೊಂಡು ಕುಳಿತಿದ್ದಾರೆ, ಬೇರೆಯವರ ಕೈಗೆ ಕಾಲು ಕೊಡುತ್ತಿಲ್ಲ ಎಂದು ದೂರು. ‘ಅವನದು ಎಂಟು ವಾರ ಮುಗಿಯಿತಲ್ಲ ಮೇಡಂ, ಅಂಥವನೇ ಇನ್ನೊಬ್ಬನಿದ್ದರೆ ಕಳುಹಿಸಲು ಹೇಳಿ.’

‘ಅಮ್ಮಾ, ಅದಕ್ಕೆ ಮೊದಲು ಯಾರದಾದರೂ ಬೈಕ್ ಕಳುವಾಗಬೇಕಲ್ಲ’ ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಬೇಡ ಬಿಡಿ’ ಎಂದು ಫೋನ್ ಇಟ್ಟರು.