ಪಾಟಿ ಹಿಡಿಸೂಕಿಂತ ಮೊದಲ ಕಿವಿ ತಯಾರ ಮಾಡ್ರಿ

ನಮ್ಮ ಕಲಬುರಗಿ ಕಡಿ ಭಾಳ ಹುಡುಗ್ರು ಕಾಗುಣಿತ ಪೂರಾ ಬಾಯಿಪಾಠ ಹೇಳ್ತಾವ, ಕ ಗುಡಿಸು ಕಿ, ಕ ಕೊಂಬು ಕು ಅಂತ ಹಾಡಿದಂಗ ಹೇಳಿ ಮುಗಿಸ್ತಾವ, ಆದ್ರ ಹೊಸ ಶಬ್ದ ಒಂದು ಮುಂದ ಇಟ್ರ ಗಪ್ಪನ ನಿಂತುಬಿಡ್ತಾವ. ಮನ್ಯಾಗ ದಡ್ಡ ಅಂತ ಬೈತಾರ, ಹಂಗ ಅನಬ್ಯಾಡ್ರಿ. ಅಕ್ಷರದ ರೂಪ ಕಣ್ಣಿಗಿ ಗುರ್ತ ಆಗ್ಯದ, ದನಿ ಬಿಡಿಬಿಡಿಯಾಗಿ ಕಿವಿಗಿ ಇನ್ನಾ ಸಿಕ್ಕಿಲ್ಲ, ಅಷ್ಟೇ. ಅದಕ್ಕ ದಿನಾ ಒಂದು ಹತ್ತು ನಿಮಿಷ ಪಾಟಿ ಪುಸ್ತಕ ಬದಿಗಿಟ್ಟು ಬರೇ ಬಾಯಿ-ಕಿವಿ ಆಟ ಆಡಿಸ್ರಿ.

ಶುರು ಊರ ಹೆಸರಿಂದ ಮಾಡ್ರಿ. ಕ-ಲ-ಬು-ರ-ಗಿ ಐದು ಚಪ್ಪಾಳಿ, ಚಿಂ-ಚೋ-ಳಿ ಮೂರು, ಸೇ-ಡಂ ಎರಡು. ಆಮ್ಯಾಲ ಕಲಬುರಗಿಯೊಳಗ ಮೊದಲಿನ ಕ ತೆಗದ್ರ ಏನ ಉಳೀತದ ಅಂತ ಕೇಳ್ರಿ, ಕಡೀ ಅಕ್ಷರ ಹಿಡ್ಕೊಂಡು ಗಿಡ, ಡಬ್ಬಿ, ಬಿಸಲು ಅಂತ ಸರಪಳಿ ಕಟ್ಟಿಸ್ರಿ. ಓಣ್ಯಾಗ ಹುಡುಗ್ರು ಕ-ಭಾಷೆ ಮಾತಾಡ್ತಾವಲ್ಲ, "ನೀನು" ಅನ್ನೂದಕ್ಕ ಪ್ರತಿ ಅಕ್ಷರದ ಮುಂದ ಕ ಹಚ್ಚಿ "ಕನೀಕನು" ಅಂತ, ಅದನ್ನ ಬಿಡಿಸಬ್ಯಾಡ್ರಿ, ಶಬ್ದ ಒಡಿಯೂದು ಅದರಾಗ ತಾನಾಗೇ ಬರ್ತದ.

ಎರಡನೇದು ಅಕ್ಷರದ ಒಳಗಿನ ದನಿ, ಇದಕ್ಕ ಟೈಮ್ ಹಿಡೀತದ. ಕನ್ನಡದಾಗ ಒಂದು ಅಕ್ಷರದಾಗೇ ವ್ಯಂಜನ ಸ್ವರ ಎರಡೂ ಕೂಡಿರ್ತಾವ, ಹಂಗಾಗಿ ಮಕ್ಕಳಿಗಿ ಇಡೀ ಅಕ್ಷರ ಲಗೂ ಕೇಳಿಸ್ತದ, ಒಳಗಿನ ದನಿ ತಡ ಆಗಿ ಕೇಳಿಸ್ತದ. ಸಂಶೋಧಕಿ ಸೊನಾಲಿ ನಾಗ್ ಅವ್ರು 2007ರಾಗ ಪ್ರಕಟ ಮಾಡಿದ ಕನ್ನಡ ಓದಿನ ಅಧ್ಯಯನದಾಗೂ ಇದೇ ಅದ. ಅವಸರ ಬ್ಯಾಡ. "ಕಿ" ಅನ್ನೂದು ಉದ್ದಕ್ಕ ಎಳಸ್ರಿ, ಕೊನಿಗಿ ಬರೇ ಇ ಉಳೀತದ. ಮಿ, ತಿ, ಗಿ ಹಂಗೇ ಎಳಸ್ರಿ, ಎಲ್ಲಾದರಾಗೂ ಅದೇ ಇ ಕೇಳಿದ ಮ್ಯಾಲ ಗುಡಿಸು ತೋರಿಸ್ರಿ, ಆಗ ಅದು ಬರೇ ಗೀಟ ಆಗಿ ಉಳಿಯಂಗಿಲ್ಲ. ದೀರ್ಘಕ್ಕ ಕೊಡು-ಕೋಡು ತಗೋರಿ, ಹ್ರಸ್ವಕ್ಕ ಒಂದು ಚಿಟಿಕಿ, ದೀರ್ಘಕ್ಕ ಎರಡು.

ಒತ್ತಕ್ಷರದಾಗ ಎಲ್ಲಾರೂ ಸಿಕ್ಕೊಳ್ತಾರ. ಹುಡುಗ "ಹಳ್ಳಿ" ಬರಿ ಅಂದ್ರ "ಹಳಿ" ಬರೀತಾನ, ನಾವು ಒತ್ತು ಬಿಟ್ಟಿ ಅಂತ ಕೆಂಪ ಪೆನ್ನಿಲೆ ತಿದ್ದತೀವಿ, ಆದ್ರ ಅವಗ ನಡುವ ಳ್ ಮ್ಯಾಲ ದನಿ ಚೂರು ನಿಲ್ಲೂದು ಕೇಳಿಸಿಲ್ಲಂದ್ರ ನೂರ ಸಲ ತಿದ್ದಿದ್ರೂ ಅಷ್ಟೇ. ಅದಕ್ಕ "ಹಳ್" ಅಂದು ನಾಲಿಗಿ ಮ್ಯಾಲೇ ಹಿಡಿದು ನಿಲ್ಲಸ್ರಿ, ಆಮ್ಯಾಲ "ಳಿ" ಬಿಡಸ್ರಿ. ಅಮ್ಮ, ಅಕ್ಕ, ರೊಟ್ಟಿ, ಬೆಲ್ಲ ಎಲ್ಲಾ ಹಿಂಗೇ ಮಾಡಸ್ರಿ. ಅರ್ಕಾವತ್ತು ಬ್ಯಾರೇನೇ ತ್ರಾಸ, "ಸೂರ್ಯ"ದಾಗ ರ್ ಮೊದಲ ಕೇಳಿಸ್ತದ ಆದ್ರ ಅದರ ಚಿಹ್ನೆ ಹಿಂದ ಬರ್ತದ, ಅದನ್ನ ಬಾಯಿಲೆ ಸೂರ್-ಯ ಅಂತ ಒಡದ ಮ್ಯಾಲೇ ಬರಸ್ರಿ.

ಮನಿ ಭಾಷೆ ನೋಡ್ದೇ ಕಲಸಬ್ಯಾಡ್ರಿ. ನಮ್ಮಲ್ಲಿ ಒಂದೇ ಬೆಂಚಿನ ಮ್ಯಾಲ ದಖನಿ ಉರ್ದು, ತಾಂಡಾದ ಲಂಬಾಣಿ, ಔರಾದ ಭಾಲ್ಕಿ ಕಡಿ ಮರಾಠಿ, ತೆಲಂಗಾಣ ಗಡಿಯ ತೆಲುಗು ಎಲ್ಲಾ ಕುಂತಿರ್ತಾವ. ದಖನಿ ಮನಿ ಹುಡುಗ್ರಿಗಿ ಳ, ಣ ತ್ರಾಸ, ಯಾಕಂದ್ರ ಅವು ಅವರ ಮನಿ ಮಾತಿನಾಗ ಇಲ್ಲ. ಅವ್ರಿಗಿ ತೊಗರಿ ಬೆಳಿ, ತೊಗರಿ ಬೆಲಿ ಅಂತ ಎರಡೂ ಹೇಳ್ರಿ, ಹೊಲದ್ದು ಹೇಳಿದ್ರ ಕೈ ಕೆಳಗ, ಬಜಾರದ್ದು ಹೇಳಿದ್ರ ಕೈ ಮ್ಯಾಲ. ಮೊದಲ ಕೇಳಿ ಗುರ್ತ ಹಿಡೀಲಿ, ಅನ್ನೂದು ಆಮ್ಯಾಲ. ಅದೇ ಹುಡುಗ್ರು ಖ, ಘ, ಭ ಭಾಳ ಸಲೀಸ ಅಂತಾವ, ಅವರ ಕೈಲೆನೇ ಉಳಿದವ್ರಿಗಿ ಕಲಸ್ರಿ. ಬಾಯಿ ಮುಂದ ತೆಳ್ಳನ ಕಾಗದ ಹಿಡದು ಪ ಅಂದು ಫ ಅಂದು ನೋಡ್ಲಿ, ಯಾವುದಕ್ಕ ಕಾಗದ ಜೋರ ಅಲಗ್ಯಾಡ್ತದ ಅಂತ.

ಇನ್ನ ನಮ್ಮ ಕನ್ನಡದ್ದೇ ಒಂದು ಮಾತು. ಮಗು ಮನಿ, ಸಾಲಿ, ತಲಿ ಅಂತದ, ಪುಸ್ತಕದಾಗ ಮನೆ, ಶಾಲೆ, ತಲೆ ಅದ. ತಪ್ಪು ಅಂತ ಬಾಯಿ ಮುಚ್ಚಸಬ್ಯಾಡ್ರಿ, ಅದರಷ್ಟು ಕೆಟ್ಟದ್ದು ಯಾವುದೂ ಇಲ್ಲ, ಮುಂದ ಆ ಮಗು ಓದೂಕೇ ಅಂಜತದ. "ನಾವು ಮನಿ ಅಂತೀವಿ, ಪುಸ್ತಕ ಮನೆ ಅಂತದ, ಕಡೀ ದನಿ ಯಾವುದು ಬದಲಾತು?" ಅಂತ ಕೇಳ್ರಿ. ಇ-ಎ ಕಿವಿಗಿ ಬಂದ್ರ ಗುಡಿಸು-ಏತ್ವ ಕಣ್ಣಿಗಿ ಬರ್ತದ.

ಇಷ್ಟು ಮಾಡಿದ್ರೂ ಮಗು ಬ್ಯಾರೆ ಬ್ಯಾರೆ ದನಿ ಒಂದೇ ಅಂತಿದ್ರ, ಕಿವಿ ಸೋರ್ತಿದ್ರ, ಹಿಂದಿಂದ ಕರದ್ರ ತಿರುಗದಿದ್ರ ಮೊದಲ ಕಿವಿ ಡಾಕ್ಟರಿಗಿ ತೋರಸ್ರಿ.

ಇಂಗ್ಲಿಷಿಗೂ ಇದೇ ದಾರಿ. "ಇಸ್ಕೂಲ್" ಅನ್ನೂ ಮಗುವಿಗಿ ಸ್ಪೆಲ್ಲಿಂಗ್ ಹೇಳೂಕಿಂತ ಮೊದಲ "ಸ್ಸ್ಸ್" ಅಂತ ಹಾವಿನ ದನಿ ತೆಗಸ್ರಿ, ಅದನ್ನ ಬಿಡದೇ "ಕೂಲ್" ಕೂಡಸ್ರಿ. ಶುರುವಿನ ಇ ಬಿಟ್ಟುಹೋದ ಮ್ಯಾಲ ಸ್ಟೇಷನ್, ಸ್ಪೂನ್, ಸ್ಲೇಟ್ ತಗೋರಿ.